ಛತ್ರದ ಹೆಂಚು

ನಮ್ಮ ಅಜ್ಜಿಯ ಹತ್ತಿರ ಒಂದು ಕಬ್ಬಿಣದ ಟ್ರಂಕು ಇತ್ತು. ಹಸಿರು ಬಣ್ಣ ಬಳಿದು, ಮುಚ್ಚಳದ ಮೇಲೆ ಎರಡು ಗುಲಾಬಿ ಹೂ ಬರೆದಿದ್ದ ಸಾಧಾರಣ ಟ್ರಂಕು. ಅದರ ತಳದಲ್ಲಿ ಬೇವಿನೆಲೆಗಳ ನಡುವೆ ಮಡಿಸಿಟ್ಟ ಒಂದು ಬಿಳಿಯ ಸೀರೆ. ಸೀರೆಯ ಮಡಿಕೆಯೊಳಗೆ ಕರವಸ್ತ್ರದ ಗಂಟು. ಗಂಟಿನಲ್ಲಿ ಸ್ವಲ್ಪ ಹಣ. ಸೀರೆ, ಅವಳನ್ನು ಮಣ್ಣಿಗಿಳಿಸುವ ದಿನ ಉಡಿಸುವುದಕ್ಕೆ; ಹಣ, ಶವದ ಪೆಟ್ಟಿಗೆ ಮಾಡುವ ಆಚಾರಿಗೆ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಆ ಸೀರೆಯನ್ನು ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹರವುತ್ತಿದ್ದಳು. ಸಂಜೆ ತೆಗೆದು ಮಡಿಸುವಾಗ ಬೆರಳುಗಳಿಂದ ನೇವರಿಸಿ, “ಇನ್ನೂ ಗಟ್ಟಿ ಉಂಟು” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅದು ಸೀರೆಯ ಮಾತೋ ತನ್ನ ಮಾತೋ ನಮಗೆ ತಿಳಿಯುತ್ತಿರಲಿಲ್ಲ. ಆ ದಿನ ನಾನೂ ಅಣ್ಣನೂ ಹಗ್ಗದ ಕೆಳಗೆ ನುಸುಳಿ ಆಡಲು ಹೆದರಿ ದೂರವೇ ಇರುತ್ತಿದ್ದೆವು.

ಅಜ್ಜಿಗೆ ಹೆದರಿಕೆ ಇರಲಿಲ್ಲ. ಸಾವು ಅವಳಿಗೆ ಊರಿಗೆ ಹೋಗುವ ಬಸ್ಸಿನಂತೆ. ಬರುವ ಹೊತ್ತು ಮಾತ್ರ ಗೊತ್ತಿಲ್ಲ, ಗಂಟುಮೂಟೆ ಸಿದ್ಧವಾಗಿರಬೇಕು, ಅಷ್ಟೆ. “ನಮ್ಮ ಮನೆ ಮೇಲೆ ಉಂಟು. ಇದು ಛತ್ರ” ಎನ್ನುತ್ತಿದ್ದಳು. ಹೀಗೆನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಬಹಳ ಮಂದಿ ಮುಖ ಬಾಡಿಸಿಕೊಂಡು, ಊಟದ ಎಲೆಯನ್ನು ತಿರಸ್ಕಾರದಿಂದ ನೋಡುತ್ತ, ಮಕ್ಕಳು ನಕ್ಕರೆ ಗದರುತ್ತ ಈ ಮಾತನ್ನಾಡುತ್ತಾರೆ. ಅಜ್ಜಿ ಆ ಜಾತಿಯವಳಲ್ಲ. ಬೂತಾಯಿ ಮೀನಿನ ಸಾರಿಗೆ ಹುಳಿ ಒಂದು ಚೂರು ಕಡಮೆಯಾದರೂ ಅವಳ ನಾಲಿಗೆ ಕಂಡುಹಿಡಿಯುತ್ತಿತ್ತು. ಭಾನುವಾರ ದೇವಾಲಯಕ್ಕೆ ಹೊರಡುವಾಗ ಸೆರಗಿನ ಪಿನ್ನು ಸರಿಯಾಗಿದೆಯೇ ಎಂದು ಎರಡು ಸಲ ಕೇಳುತ್ತಿದ್ದಳು. ಪರಲೋಕದ ನಿರೀಕ್ಷೆಗೂ ಹುಳಿಯ ಹದಕ್ಕೂ ವಿರೋಧವಿದೆಯೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಮನೆಯ ಮಾಡಿನ ವಿಚಾರ. ಮಾಡು ಎಂದರೆ ನಮ್ಮ ಕಡೆಯ ಮಾತಿನಲ್ಲಿ ಸೂರು. ಮಂಗಳೂರಿನ ಮಳೆಯನ್ನು ಕಂಡವರಿಗೆ ಗೊತ್ತು, ಅಲ್ಲಿ ಮನೆಯೆಂದರೆ ಮೊದಲು ಮಾಡು, ಆಮೇಲೆ ಗೋಡೆ. ಮೇ ತಿಂಗಳು ಬಂತೆಂದರೆ ಅಜ್ಜಿ ಹೆಂಚು ತಿರುವುವ ಆಳನ್ನು ಕರೆಸುತ್ತಿದ್ದಳು. ಅವನು ಮೇಲೆ ಹತ್ತಿ ಒಡೆದ ಹೆಂಚುಗಳನ್ನು ತೆಗೆಯುವುದು, ಲಡ್ಡಾದ ರೀಪುಗಳನ್ನು ಬದಲಿಸುವುದು, ಪಾಚಿ ಕೆರೆಯುವುದು. ಕೆಳಗೆ ನಾವು ಮಕ್ಕಳು ಸಾಲಾಗಿ ನಿಂತು ಹೊಸ ಹೆಂಚುಗಳನ್ನು ಕೈಯಿಂದ ಕೈಗೆ ದಾಟಿಸುವುದು. ಅಜ್ಜಿ ಅಂಗಳದ ನಡುವೆ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು, ಸೇನಾಪತಿಯ ಹಾಗೆ ಅಪ್ಪಣೆ ಕೊಡುತ್ತಿದ್ದಳು. ಎಂಬತ್ತು ದಾಟಿದ ಮೇಲೂ ಒಂದು ವರ್ಷವೂ ತಪ್ಪಲಿಲ್ಲ.

ನಾನು ಒಮ್ಮೆ ಕೇಳಿದೆ: “ಅಜ್ಜೀ, ಇದು ಛತ್ರ ಅಂತ ನೀನೇ ಹೇಳ್ತಿ. ಮತ್ತೆ ಇಷ್ಟೆಲ್ಲ ಯಾಕೆ?”

“ಛತ್ರದಲ್ಲಿ ಮಲಗಿ ಎದ್ದವ ಚಾಪೆ ಮಡಚಿ, ನೆಲ ಗುಡಿಸಿ ಹೋಗ್ಬೇಕು ಮಗಾ. ಹಿಂದಿನಿಂದ ಬರುವವ ಇದ್ದಾನಲ್ಲ?”

ಆಗ ನನಗೆ ಹತ್ತು ವರ್ಷವಿರಬಹುದು. ಉತ್ತರ ಅರ್ಥವಾಯಿತೆಂದು ತಿಳಿದೆ. ಅರ್ಥವಾಗುವುದಕ್ಕೆ ಮುಂದೆ ಅರುವತ್ತು ವರ್ಷ ಹಿಡಿಯಿತು.

ಆ ಹೆಂಚುಗಳ ಮೇಲೆ ಅಚ್ಚೊತ್ತಿದ ಅಕ್ಷರಗಳಿದ್ದವು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಅದು ಹೆಂಚು ಮಾಡಿದ ವರ್ಷವಲ್ಲ, ಕಾರ್ಖಾನೆ ತೆರೆದ ವರ್ಷ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರು ಹೊತ್ತುಬಂದದ್ದು ಪರಲೋಕದ ಸುದ್ದಿ. ಆದರೆ ಅದನ್ನು ಕೇಳಿ ಕ್ರೈಸ್ತರಾದವರಿಗೆ ಇಹಲೋಕದಲ್ಲಿ ನಿಲ್ಲಲು ನೆಲವಿಲ್ಲದೆ ಹೋಯಿತು. ಕುಟುಂಬ ಹೊರಗೆ ಹಾಕಿತು, ಗೇಣಿಯ ಗದ್ದೆ ಕೈಬಿಟ್ಟಿತು, ಕುಲದ ಕಸಬು ಹೋಯಿತು. ನಮ್ಮ ಹಿರಿಯರದು ಕಳ್ಳು ಇಳಿಸುವ ಮೂರ್ತೆಯ ಕಸಬು. ಹೊಸ ಮತದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಸ್ವರ್ಗದ ದಾರಿ ತೋರಿಸಿದವರು ನಾಳೆಯ ಗಂಜಿಯ ದಾರಿಯನ್ನೂ ತೋರಿಸಬೇಕಾಯಿತು. ಹಾಗೆ ಹುಟ್ಟಿದವು ನೇಯ್ಗೆಯ ಮನೆಗಳು, ಅಚ್ಚುಕೂಟ, ಹೆಂಚಿನ ಕಾರ್ಖಾನೆ. ಅಜ್ಜಿಯ ತಂದೆ ನದಿಯ ದಂಡೆಯ ಜೇಡಿಯನ್ನು ಕಲಸಿ ಹೆಂಚಿನ ಅಚ್ಚಿಗೆ ತುಂಬಿದವನು.

ಅದೇ ಮಿಶನ್ನಿನ ಕಿಟ್ಟೆಲ್ 1853ರಲ್ಲಿ, ಇಪ್ಪತ್ತೊಂದು ವರ್ಷದ ಹುಡುಗನಾಗಿ, ಇಲ್ಲಿಗೆ ಬಂದದ್ದೂ ದೇವರ ರಾಜ್ಯವನ್ನು ಸಾರುವುದಕ್ಕೆ. ಆದರೆ ಅವನು ಬಿಟ್ಟುಹೋದದ್ದು, 1894ರಲ್ಲಿ ಅಚ್ಚಾದ ನಮ್ಮ ದೊಡ್ಡ ನಿಘಂಟನ್ನು. ಕನ್ನಡಿಗ ಉಣ್ಣುವ, ಉಡುವ, ಉಳುವ, ಬೈಯುವ ಮಾತುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಜೋಡಿಸಿದ. ಈ ಲೋಕ ಬರಿಯ ಛತ್ರವೆಂದು ನಂಬಿದವನು ಛತ್ರದ ಒಂದೊಂದು ಪಾತ್ರೆಗೂ ಹೆಸರು ಬರೆದಿಟ್ಟುಹೋದ.

ಇಷ್ಟು ಹೇಳಿದರೆ ಚಿತ್ರ ಪೂರ್ಣವಾಗಲಿಲ್ಲ. ಪರಲೋಕದ ಮಾತನ್ನು ಕೆಟ್ಟದಾಗಿ ಬಳಸುವವರನ್ನೂ ನಾನು ಬಲ್ಲೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪರಿಚಯದ ಹಿರಿಯರೊಬ್ಬರು ತಮ್ಮಲ್ಲಿ ದುಡಿಯುವವರು ನಾಲ್ಕು ಕಾಸು ಹೆಚ್ಚು ಕೂಲಿ ಕೇಳಿದಾಗ, “ನಿಮ್ಮ ಗಂಟು ಮೇಲಿರಲಿ, ಕೆಳಗಿನದಕ್ಕೆ ಆಸೆಪಡಬೇಡಿ” ಎಂದು ಬುದ್ಧಿ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಅವರ ಗಂಟು ಮಾತ್ರ ಕೆಳಗೇ, ಬ್ಯಾಂಕಿನಲ್ಲಿ ಭದ್ರವಾಗಿತ್ತು. ಬೇರೆಯವರ ಹೊಟ್ಟೆಗೆ ಸ್ವರ್ಗವನ್ನು ಬಡಿಸಿ ತನ್ನ ಹೊಟ್ಟೆಗೆ ಅನ್ನ ಬಡಿಸಿಕೊಳ್ಳುವುದು ನಿರೀಕ್ಷೆಯಲ್ಲ, ವಂಚನೆ. ಅಜ್ಜಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಟ್ರಂಕಿನ ಗಂಟನ್ನು, ತನ್ನ ಸಾವಿಗೆಂದು ಕೂಡಿಟ್ಟ ದುಡ್ಡನ್ನು, ನನಗೆ ತಿಳಿದಂತೆಯೇ ಮೂರು ಸಲ ಬಿಚ್ಚಿದ್ದಳು. ಒಮ್ಮೆ ನೆರೆಮನೆಯ ಹುಡುಗಿಯ ಹೆರಿಗೆಗೆ, ಒಮ್ಮೆ ಅಣ್ಣನ ಪರೀಕ್ಷೆಯ ಶುಲ್ಕಕ್ಕೆ, ಒಮ್ಮೆ ಹೆಂಚು ತಿರುವುವ ಆಳಿಗೇ, ಅವನು ಬಿದ್ದು ಕಾಲು ಮುರಿದುಕೊಂಡಾಗ. “ಪೆಟ್ಟಿಗೆ ಇಲ್ಲದಿದ್ದರೆ ಚಾಪೆ ಸುತ್ತಿ ಕಳುಹಿಸಿ. ಅಲ್ಲಿ ಯಾರೂ ಪೆಟ್ಟಿಗೆ ನೋಡಿ ಬಾಗಿಲು ತೆಗೆಯುವುದಿಲ್ಲ” ಎಂದಳು. ಆಮೇಲೆ ಹಪ್ಪಳ ಮಾರಿ ಗಂಟನ್ನು ಮತ್ತೆ ತುಂಬಿಸಿದಳು.

ಅವಳ ಓದು ಎರಡೇ ಪುಸ್ತಕ. ಒಂದು ಸತ್ಯವೇದ. ಇನ್ನೊಂದು, ಜಾನ್ ಬನಿಯನ್ ಬರೆದ ಯಾತ್ರಿಕನ ಕಥೆಯ ಕನ್ನಡ ಅನುವಾದ. ಬರೆದವನ ಹೆಸರು ಒಳಗೆ ತೊಡುವ ಬಟ್ಟೆಯದಾದ್ದರಿಂದ ಆ ಪುಸ್ತಕ ತೆಗೆದಾಗಲೆಲ್ಲ ನಮಗೆ ನಗು. ಅಜ್ಜಿ ನಗು ಮುಗಿಯುವವರೆಗೆ ಕಾದು ಓದಲು ತೊಡಗುತ್ತಿದ್ದಳು. ತನ್ನ ಊರು ಬೆಂಕಿಗೆ ಆಹುತಿಯಾಗಲಿದೆಯೆಂದು ತಿಳಿದ ಒಬ್ಬ ಮನುಷ್ಯ, ಹೆಂಡತಿ ಮಕ್ಕಳು ಕೂಗಿ ಕರೆಯುತ್ತಿದ್ದರೂ ಕಿವಿಯಲ್ಲಿ ಬೆರಳಿಟ್ಟುಕೊಂಡು ನಿತ್ಯಜೀವದ ಕಡೆಗೆ ಓಡಿಹೋಗುತ್ತಾನೆ. ಅಣ್ಣನಿಗೆ ಇದು ಹಿಡಿಸಲಿಲ್ಲ. “ಹೆಂಡತಿ ಮಕ್ಕಳನ್ನು ಬಿಟ್ಟು ಓಡಿದವ ಎಂಥ ಒಳ್ಳೆಯವ?” ಎಂದು ಕೇಳಿದ. ಅಜ್ಜಿ ಸಿಟ್ಟಾಗಲಿಲ್ಲ. “ಎರಡನೆಯ ಭಾಗವೂ ಉಂಟು ಮಾರಾಯಾ, ಸ್ವಲ್ಪ ತಡೆ” ಎಂದಳು.

ಎರಡನೆಯ ಭಾಗ ನಿಜಕ್ಕೂ ಉಂಟು. ಮೊದಲನೆಯದು 1678ರಲ್ಲಿ ಬಂತು. 1684ರಲ್ಲಿ ಬಂದ ಎರಡನೆಯದರಲ್ಲಿ ಆ ಹೆಂಡತಿ ನಾಲ್ಕು ಗಂಡುಮಕ್ಕಳನ್ನು ಕರೆದುಕೊಂಡು ಅದೇ ದಾರಿಯಲ್ಲಿ ಹೊರಡುತ್ತಾಳೆ. ಬನಿಯನ್ನನ ಬಾಳನ್ನು ತಿಳಿದರೆ ಈ ಎರಡನೆಯ ಭಾಗ ಏಕೆ ಬೇಕಾಯಿತೆಂದು ಊಹಿಸಬಹುದು. ಅವನು ಪಾತ್ರೆಗೆ ಬೆಸುಗೆ ಹಾಕುವ ಕಸಬಿನವನು. ಸರಕಾರದ ಅಪ್ಪಣೆಯಿಲ್ಲದೆ ಬೋಧಿಸಿದ್ದಕ್ಕಾಗಿ 1660ರಿಂದ 1672ರವರೆಗೆ ಬೆಡ್‌ಫರ್ಡ್ ಸೆರೆಮನೆಯಲ್ಲಿದ್ದ. ಬೋಧಿಸುವುದಿಲ್ಲವೆಂದು ಒಂದು ಮಾತು ಕೊಟ್ಟಿದ್ದರೆ ಬಿಟ್ಟುಬಿಡುತ್ತಿದ್ದರು, ಕೊಡಲಿಲ್ಲ. ಮನೆಯಲ್ಲಿ ಹೆಂಡತಿ, ಮಕ್ಕಳು. ಅವರಲ್ಲಿ ಒಬ್ಬಳು ಕಣ್ಣಿಲ್ಲದ ಹುಡುಗಿ. ಪರಲೋಕಕ್ಕಾಗಿ ಸೆರೆಮನೆ ಸೇರಿದ ಆ ಮನುಷ್ಯ ಸೆರೆಮನೆಯಲ್ಲಿ ಕುಳಿತು ಲಾಡಿಗಳ ತುದಿಗೆ ತಗಡು ಕಟ್ಟಿ, ಅವನ್ನು ಮಾರಿ ಮನೆಗೆ ಅನ್ನ ಹುಟ್ಟಿಸಿದ. ಕಥೆಯ ಯಾತ್ರಿಕ ಕಿವಿಯಲ್ಲಿ ಬೆರಳಿಟ್ಟುಕೊಂಡ. ಕಥೆ ಬರೆದವನ ಬೆರಳು ಮಾತ್ರ ಮಕ್ಕಳಿಗಾಗಿ ಲಾಡಿ ಹಿಡಿದಿತ್ತು.

ಆ ಎರಡನೆಯ ಭಾಗದಲ್ಲಿ ಒಂದು ಚಿತ್ರವಿದೆ. ಒಬ್ಬನು ಕೈಯಲ್ಲಿ ಕಸ ಕೆದಕುವ ಕೋಲು ಹಿಡಿದು ನೆಲ ನೋಡುತ್ತ ನಿಂತಿದ್ದಾನೆ. ಅವನ ತಲೆಯ ಮೇಲೆಯೇ ಒಬ್ಬರು ದಿವ್ಯ ಕಿರೀಟವನ್ನು ಹಿಡಿದು, ಆ ಕೋಲನ್ನು ಕೊಟ್ಟು ಇದನ್ನು ತೆಗೆದುಕೋ ಎನ್ನುತ್ತಿದ್ದಾರೆ. ಅವನು ತಲೆ ಎತ್ತಲೊಲ್ಲ. ಹುಲ್ಲು, ಕಡ್ಡಿ, ಧೂಳನ್ನು ಕೆದಕುತ್ತಲೇ ಇದ್ದಾನೆ. ನಾನು ಕೇಳಿದಾಗ ನಕ್ಕಿದ್ದೆ. ಆ ಕೋಲು ಮುಂದೆ ನನ್ನ ಕೈಗೇ ಬರಲಿದೆಯೆಂದು ಆಗ ಹೇಗೆ ತಿಳಿಯಬೇಕು!

ಅಜ್ಜಿ ತೀರಿಕೊಂಡದ್ದು 1967ರ ಆಟಿ ತಿಂಗಳ ಮಳೆಯಲ್ಲಿ. ಮನೆ ತುಂಬ ಜನ. ಬಿಳಿಯ ಸೀರೆ ಉಟ್ಟು ಅವಳು ನಡುಮನೆಯಲ್ಲಿ ಮಲಗಿದ್ದಳು. ಆಕಾಶವೇ ಹರಿದುಬೀಳುತ್ತಿದ್ದರೂ ಒಂದು ಹನಿಯೂ ಒಳಗೆ ಬೀಳಲಿಲ್ಲ.

ಮುಂದೆ ನಾನು ಬೆಂಗಳೂರಿಗೆ ಬಂದೆ. ಅಣ್ಣ ಮಂಗಳೂರಿನಲ್ಲೇ ಉಳಿದ. ತಂದೆಯ ಕಾಲವೂ ಮುಗಿಯಿತು, 2008ರಲ್ಲಿ ತಾಯಿಯ ಕಾಲವೂ ಮುಗಿಯಿತು. ಅಜ್ಜಿಯ ಕಾಲದಲ್ಲಿ ಯಾರೂ ಕಣ್ಣೆತ್ತಿ ನೋಡದ ಆ ಹಿತ್ತಲಿಗೆ ಅಷ್ಟರಲ್ಲಿ ಬೆಲೆ ಬಂದಿತ್ತು. ಬೆಲೆ ಬಂದ ನೆಲದಲ್ಲಿ ಮೊದಲು ಮೊಳೆಯುವುದು ಜಗಳ. ಅಣ್ಣ, ನೋಡಿಕೊಂಡವನು ನಾನು ಎಂದ. ನಾನು, ಹಣ ಕಳುಹಿಸಿದವನು ನಾನು ಎಂದೆ. ಇಬ್ಬರ ಮಾತೂ ಸುಳ್ಳಲ್ಲ. ಆದ್ದರಿಂದಲೇ ಜಗಳ ಮುಗಿಯಲಿಲ್ಲ. 2010ರಲ್ಲಿ ದಾವೆ ಹೂಡಿದೆವು. ಯಥಾಸ್ಥಿತಿ ಕಾಪಾಡಬೇಕೆಂದು ನ್ಯಾಯಾಲಯದ ಆಜ್ಞೆಯಾಯಿತು. ಆಜ್ಞೆ ನಮಗಿಬ್ಬರಿಗೆ ಜಾರಿಯಾಯಿತು, ಮಳೆಗೆ ಜಾರಿಯಾಗಲಿಲ್ಲ.

ಅಣ್ಣ ಬೇರೆ ಮನೆ ಮಾಡಿಕೊಂಡಿದ್ದ. ಹಳೆಯ ಮನೆಗೆ ಬೀಗ. ಹೆಂಚು ತಿರುವಿಸಲು ನ್ಯಾಯಾಲಯ ಬೇಡವೆನ್ನುತ್ತಿರಲಿಲ್ಲ, ನಾವೇ ತಿರುವಿಸಲಿಲ್ಲ. ನಾನು ರಿಪೇರಿ ಮಾಡಿಸಿದರೆ ಅವನ ಪಾಲಿಗೆ ಲಾಭವಾದೀತೆಂದು ನನಗೆ. ಅವನು ಮಾಡಿಸಿದರೆ ನನ್ನ ಪಾಲಿಗೆ ಲಾಭವಾದೀತೆಂದು ಅವನಿಗೆ. ವರ್ಷಕ್ಕೊಮ್ಮೆ ವಾಯಿದೆಗೆ ಹೋದಾಗ ರಸ್ತೆಯಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಒಂದು ಹೆಂಚು ಜಾರಿತು. ಮರುವರ್ಷ ಹತ್ತು. ಆಮೇಲೆ ಪಕ್ಕಾಸು ಕುಸಿಯಿತು. ಮನೆಯ ಮೇಲಿನ ಆಸೆಯಿಂದ ಇಬ್ಬರು ವಕೀಲರ ಮನೆಯ ಮೇಲೆ ಮಹಡಿ ಕಟ್ಟಿಸಿ ನಮ್ಮ ಮನೆಯ ಮಾಡನ್ನು ನಾವೇ ಬೀಳಿಸಿದೆವು. ಈ ಅವಧಿಯಲ್ಲಿ ನಾನು ಒಂದು ಭಾನುವಾರವೂ ದೇವಾಲಯ ತಪ್ಪಿಸಿದವನಲ್ಲವೆಂಬುದನ್ನೂ ಹೇಳಿಬಿಡಬೇಕು.

2023ರ ಒಂದು ಭಾನುವಾರ ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯವನ್ನು ಓದಿದರು. ಕಣಜಗಳನ್ನು ಕೆಡವಿ ದೊಡ್ಡ ಕಣಜ ಕಟ್ಟಿಸಲು ಹೊರಟ ಐಶ್ವರ್ಯವಂತನ ಕಥೆ; ಅದೇ ರಾತ್ರಿ ಅವನ ಪ್ರಾಣಕ್ಕೆ ಕರೆ ಬರುತ್ತದೆ. ನೂರು ಸಲ ಕೇಳಿದ ಕಥೆ. ಕೇಳಿದಾಗಲೆಲ್ಲ ನನಗಿಂತ ಹಣವಂತರಾದ ಯಾರನ್ನೋ ನೆನೆದು ತಲೆದೂಗಿದ್ದೆ. ಅಂದು ಮಾತ್ರ ಕಥೆಯ ಮೊದಲಿನ ಎರಡು ಸಾಲು ಕಿವಿಗೆ ಬಿತ್ತು. ಯೇಸು ಈ ಕಥೆ ಹೇಳಿದ್ದು ಸುಮ್ಮನೆ ಅಲ್ಲ. ಗುಂಪಿನಲ್ಲಿ ಒಬ್ಬನು ಬಂದು, ಪಿತ್ರಾರ್ಜಿತವನ್ನು ಪಾಲು ಮಾಡಿಕೊಡುವಂತೆ ತನ್ನ ಅಣ್ಣತಮ್ಮನಿಗೆ ಹೇಳಬೇಕೆಂದು ಬೇಡುತ್ತಾನೆ. ನಿಮ್ಮ ಪಾಲಿಗೆ ನನ್ನನ್ನು ನ್ಯಾಯಾಧೀಶನಾಗಿ ನೇಮಿಸಿದವರು ಯಾರೆಂದು ಯೇಸು ಅವನನ್ನು ತಿರುಗಿಸಿಬಿಡುತ್ತಾನೆ. ಆಮೇಲೆ ಕಣಜದ ಕಥೆ. ಆ ಕಥೆ ಐಶ್ವರ್ಯವಂತನಿಗೆ ಹೇಳಿದ್ದಲ್ಲ. ಪಾಲು ಕೇಳಿದ ತಮ್ಮನಿಗೆ ಹೇಳಿದ್ದು. ನನಗೆ ಹೇಳಿದ್ದು.

ಬೆಂಚಿನ ಮೇಲೆ ಕುಳಿತಿದ್ದಂತೆಯೇ ಅಜ್ಜಿಯ ಟ್ರಂಕು ನೆನಪಾಯಿತು. ದಾವೆಗೆ ಮನೆಯ ಸಾಮಾನುಗಳ ಪಟ್ಟಿ ಮಾಡಿದ್ದೆವು. ಬೀಟೆಯ ಮಂಚ, ಕಂಚಿನ ಹಂಡೆ, ಗೋಡೆ ಗಡಿಯಾರ, ಕಡೆಯುವ ಕಲ್ಲು ಕೂಡ ಅದರಲ್ಲಿದ್ದವು. ಟ್ರಂಕು ಇರಲಿಲ್ಲ. ಅದು ಖಾಲಿ, ಇಬ್ಬರೂ ಅದನ್ನು ಕೇಳಲಿಲ್ಲ. ಆ ಮನೆಯಲ್ಲಿ ಅಜ್ಜಿ ತನ್ನದೆಂದು ಇಟ್ಟುಕೊಂಡಿದ್ದ ಒಂದೇ ವಸ್ತು ಅದು.

ಅಂದು ಸಂಜೆ ಅಣ್ಣನಿಗೆ ಫೋನು ಮಾಡಬೇಕೆಂದು ಕೈಗೆತ್ತಿಕೊಂಡವನು ಮಾಡಲಿಲ್ಲ. ಒಳ್ಳೆಯ ಬುದ್ಧಿ ಬಂದೊಡನೆ ಒಳ್ಳೆಯ ಕೆಲಸ ನಡೆಯುವುದು ಪುಸ್ತಕಗಳಲ್ಲಿ. ನನಗೆ ಇನ್ನೂ ಐದು ತಿಂಗಳು ಹಿಡಿಯಿತು. ಮರುವರ್ಷ ಮಾರ್ಚಿಯಲ್ಲಿ ಹೇಳದೆ ಕೇಳದೆ ಅವನ ಮನೆಯ ಮುಂದೆ ಹೋಗಿ ನಿಂತೆ. ಬಾಗಿಲು ತೆರೆದವನು ಅಣ್ಣನೇ. ನ್ಯಾಯಾಲಯದಲ್ಲಿ ದೂರದಿಂದ ಮಾತ್ರ ನೋಡಿದ್ದೆ. ಹತ್ತಿರದಿಂದ ಅವನು ಇಷ್ಟು ಮುದುಕನಾಗಿದ್ದಾನೆಂದು ತಿಳಿದಿರಲಿಲ್ಲ. ಅವನಿಗೂ ಹಾಗೆಯೇ ಕಂಡಿರಬೇಕು.

“ಎಂತ, ವಾಯಿದೆ ಇವತ್ತಲ್ಲವಲ್ಲ?” ಎಂದ.

“ಅಲ್ಲ ಅಣ್ಣ. ಮಳೆ ಬರುವ ಮೊದಲು ಹೆಂಚು ತಿರುವಿಸಬೇಕು. ಅದಕ್ಕೆ ಬಂದೆ.”

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಖರ್ಚು ಯಾರದ್ದು?” ಎಂದು ಕೇಳಿದ. ಹದಿನಾಲ್ಕು ವರ್ಷ ದಾವೆಯಲ್ಲಿ ಪಳಗಿದ ನಾಲಿಗೆ! ಕೇಳಿದ ಮೇಲೆ ಅವನಿಗೇ ನಗು ಬಂತು, ನನಗೂ ಬಂತು. ಅತ್ತಿಗೆ ಒಳಗಿನಿಂದ ಬಂದು, ಇಬ್ಬರೂ ಕಣ್ಣೊರಸಿಕೊಳ್ಳುತ್ತಿರುವುದನ್ನು ಕಂಡು, ಏನೂ ಕೇಳದೆ ಚಹಕ್ಕೆ ನೀರಿಡಲು ಹೋದರು.

ದಾವೆಯನ್ನು ರಾಜಿಯಲ್ಲಿ ಮುಗಿಸಿದೆವು. ಪಾಲಿನಲ್ಲಿ ಯಾರಿಗೆ ಎಷ್ಟು ಹೆಚ್ಚಾಯಿತು, ಯಾರಿಗೆ ಕಡಮೆಯಾಯಿತು ಎಂದು ಬರೆಯಲಾರೆ. ಬರೆದರೆ ಕಸ ಕೆದಕುವ ಕೋಲು ಮತ್ತೆ ಕೈಗೆ ಬಂದೀತು. ಮೇ ತಿಂಗಳಲ್ಲಿ ಆಳು ಮಾಡಿನ ಮೇಲೆ ಹತ್ತಿದ. ಹಳೆಯ ಹೆಂಚುಗಳಲ್ಲಿ ಅರ್ಧಕ್ಕರ್ಧ ಗಟ್ಟಿಯಾಗಿಯೇ ಇದ್ದವು. ಅವುಗಳನ್ನು ಮಾಡಿದ ಕಾರ್ಖಾನೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೇ ಮಿಶನ್ನಿನ ಕೈತಪ್ಪಿಹೋಗಿತ್ತು. ಮಾಡಿದ ಕೈಗಳು ಮಣ್ಣಾದವು, ಮಾಡಿಸಿದವರು ಮಣ್ಣಾದರು. ಕಲಸಿ ಸುಟ್ಟ ಮಣ್ಣು ಮಾತ್ರ ಇನ್ನೂ ನೀರು ತಡೆಯುತ್ತಿತ್ತು. ಎಪ್ಪತ್ತು ದಾಟಿದ ಇಬ್ಬರು ಮುದುಕರು ಅಂಗಳದಲ್ಲಿ ನಿಂತು ಹೆಂಚುಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಅಣ್ಣನ ಮೊಮ್ಮಗಳು ಸಾಲಿನ ಕೊನೆಯಲ್ಲಿದ್ದಳು.

ಪರಲೋಕದ ಮೇಲೆ ಮನಸ್ಸಿಡುವುದೆಂದರೆ ಈ ಲೋಕದ ಸುಖಕ್ಕೆ ಮುಖ ತಿರುಗಿಸುವುದೆಂದು ನಾನು ಬಹಳ ಕಾಲ ತಿಳಿದಿದ್ದೆ. ಅದು ನನ್ನಿಂದಾಗದ ಕೆಲಸವೆಂದು ದೇವಾಲಯದಲ್ಲಿ ಒಂದು, ನ್ಯಾಯಾಲಯದಲ್ಲಿ ಇನ್ನೊಂದು ಮನಸ್ಸು ಇಟ್ಟುಕೊಂಡಿದ್ದೆ. ಈಗ ಬೇರೆಯಾಗಿ ತೋರುತ್ತದೆ. ಇದೇ ನನ್ನ ಕಡೆಯ ಮನೆ ಎಂದುಕೊಂಡವನ ಮುಷ್ಟಿ ಬಿಗಿಯಾಗುತ್ತದೆ; ಬಿಗಿದ ಮುಷ್ಟಿಯಲ್ಲಿ ಒಂದು ಹೆಂಚನ್ನೂ ದಾಟಿಸಲಾಗುವುದಿಲ್ಲ. ನನ್ನ ಮನೆ ಬೇರೆ ಕಡೆ ಇದೆ ಎಂದು ನಂಬಿದವಳ ಕೈ ತೆರೆದಿತ್ತು. ತೆರೆದ ಕೈಯಿಂದಲೇ ಅವಳು ಹುಳಿ ಹಿಂಡಿದಳು, ಗಂಟು ಬಿಚ್ಚಿದಳು, ಮಾಡು ಕಾಯ್ದಳು. ಅಜ್ಜಿಯಷ್ಟು ಗಟ್ಟಿಯಾದ ನಂಬಿಕೆ ನನ್ನದೆಂದು ಹೇಳಲಾರೆ. ಆದರೆ ಟ್ರಂಕನ್ನು ಬೆಂಗಳೂರಿಗೆ ತಂದಿದ್ದೇನೆ. ತುಕ್ಕು ಹಿಡಿದಿದೆ, ಗುಲಾಬಿಯಲ್ಲಿ ಒಂದು ಮಾತ್ರ ಉಳಿದಿದೆ. ಒಳಗೆ ಏನಿಡಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.

ಆ ವರ್ಷ ಜೂನಿನಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಹತ್ತು ಗಂಟೆಯ ಮೇಲೆ ಫೋನು ಬಂತು. ಅಣ್ಣ.

“ಅಡಿಗೆಮನೆಯ ಮೂಲೆಯಲ್ಲಿ ಒಂದು ಕಡೆ ಸೋರ್ತಾ ಉಂಟು” ಎಂದ.

ಹದಿನಾಲ್ಕು ವರ್ಷಗಳಲ್ಲಿ ಅವನು ತಾನಾಗಿ ಮಾಡಿದ ಮೊದಲನೆಯ ಫೋನು ಅದು. “ಬಕೆಟ್ ಇಡು ಅಣ್ಣ, ಮಳೆ ಬಿಟ್ಟ ಮೇಲೆ ಬರುತ್ತೇನೆ” ಎಂದೆ.